ಗ್ರಾಹಕರು ನಂಬರ್ ಕೊಟ್ಟರೆ ಅದೇ ಒಪ್ಪಿಗೆ ಅಲ್ವಾ?

ಪ್ರಶ್ನೆ: ಮೈಸೂರಿನಲ್ಲಿ ಸೈಟ್, ಫ್ಲಾಟ್ ಕೊಡಿಸುವ ಕೆಲಸ ನನ್ನದು. ಸೈಟ್ ನೋಡಲು ಬಂದವರೆಲ್ಲ ನಮ್ಮ ಪುಸ್ತಕದಲ್ಲಿ ಹೆಸರು, ಮೊಬೈಲ್ ನಂಬರ್ ಬರೆದು ಹೋಗುತ್ತಾರೆ. ಹೊಸ ಲೇಔಟ್ ಬಂದಾಗ ಅವರಿಗೆ ಫೋನ್ ಮಾಡಬಹುದಾ, ಮೆಸೇಜ್ ಕಳಿಸಬಹುದಾ? ಅವರಾಗಿಯೇ ನಂಬರ್ ಕೊಟ್ಟ ಮೇಲೆ ಅದೇ ಒಪ್ಪಿಗೆ ಅಲ್ವಾ?

ಅಲ್ಲ. ಅವರು ನಂಬರ್ ಕೊಟ್ಟಿದ್ದು ಆವತ್ತು ನೋಡಿದ ಸೈಟಿನ ಬಗ್ಗೆ ಮಾತಾಡಲಿಕ್ಕೆ. ರೇಟು, ಅಳತೆ, ದಾಖಲೆ, ಮತ್ತೆ ಯಾವಾಗ ಬರುತ್ತೀರಿ ಅನ್ನುವುದು, ಇಷ್ಟನ್ನು ಕೇಳಲು ನೀವು ಧೈರ್ಯವಾಗಿ ಫೋನ್ ಮಾಡಿ. ಆರು ತಿಂಗಳ ನಂತರ ಬರುವ ಬೇರೆ ಲೇಔಟಿನ ಜಾಹೀರಾತಿಗೆ ಬೇರೆ ಒಪ್ಪಿಗೆ ಬೇಕು.

ಇದಕ್ಕೆ ಕಾನೂನಿನಲ್ಲೇ ನಿಮ್ಮ ಕಸುಬಿನ ಉದಾಹರಣೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ತೆಗೆದು ನೋಡಿ. ಒಬ್ಬಾಕೆ ರಿಯಲ್ ಎಸ್ಟೇಟ್ ಬ್ರೋಕರ್‌ಗೆ ಮೆಸೇಜ್ ಮಾಡುತ್ತಾಳೆ. ಬಾಡಿಗೆ ಮನೆ ಹುಡುಕಿಕೊಡಿ ಅಂತ ಕೇಳಿ ತನ್ನ ವಿವರ ಕೊಡುತ್ತಾಳೆ. ಬ್ರೋಕರ್ ಆ ವಿವರ ಇಟ್ಟುಕೊಂಡು ಮನೆ ಹುಡುಕಬಹುದು, ಸಿಕ್ಕ ಮನೆಗಳ ಬಗ್ಗೆ ಅವಳಿಗೆ ತಿಳಿಸಬಹುದು. ಮುಂದೆ ಅವಳು 'ಇನ್ನು ನಿಮ್ಮ ಸಹಾಯ ಬೇಡ' ಅಂದರೆ ಬ್ರೋಕರ್ ಆ ವಿವರ ಬಳಸುವುದನ್ನು ನಿಲ್ಲಿಸಬೇಕು. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬರೆದವರಿಗೆ ಬ್ರೋಕರ್ ನೆನಪಾಗಿದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ ನನಗೆ.

ಕೆಲವು ವರ್ಷದ ಹಿಂದೆ ಅಮ್ಮನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡುವಾಗ ಒಬ್ಬ ಏಜೆಂಟರಿಗೆ ಅಮ್ಮನ ನಂಬರನ್ನೇ ಕೊಟ್ಟೆವು. ಎರಡೇ ವಾರದಲ್ಲಿ ಮನೆ ಸಿಕ್ಕಿತು. ಆದರೆ ವಿಲ್ಲಾ ಪ್ಲಾಟು, ಫಾರ್ಮ್ ಲ್ಯಾಂಡು ಅಂತ ಫೋನ್ ಬರುವುದು ನಿಲ್ಲಲಿಲ್ಲ. ಬೇಡ ಅಂದರೆ ಇನ್ನೊಂದು ನಂಬರಿನಿಂದ ಬರುತ್ತಿತ್ತು. ಕೊನೆಗೆ ಅಮ್ಮ ಗೊತ್ತಿಲ್ಲದ ನಂಬರ್ ಎತ್ತುವುದನ್ನೇ ಬಿಟ್ಟರು. ಒಮ್ಮೆ ಆಸ್ಪತ್ರೆಯಿಂದ ಬಂದ ಫೋನನ್ನೂ ಎತ್ತಲಿಲ್ಲ. ಹಾಗಾಗಿ ಈ ವಿಷಯ ನನಗೆ ಬರೀ ಕಾನೂನಿನದ್ದಲ್ಲ.

ಆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಒಪ್ಪಿಗೆಗೆ ಸಂಬಂಧಿಸಿದ ಭಾಗ ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ. ಹಾಗಂತ ಅಲ್ಲಿಯವರೆಗೆ ಏನು ಮಾಡಿದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಫೋನ್ ಮತ್ತು ಎಸ್ಎಂಎಸ್‌ಗೆ ಟ್ರಾಯ್‌ನ (ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ) 2018ರ ನಿಯಮಗಳು ಈಗಾಗಲೇ ಜಾರಿಯಲ್ಲಿವೆ. 2025ರ ಫೆಬ್ರವರಿಯಲ್ಲಿ ಅವು ಇನ್ನೂ ಬಿಗಿಯಾದವು. ನಡೆಯುತ್ತಿರುವ ಒಂದು ವ್ಯವಹಾರ ಮುಗಿಸಲು ಗ್ರಾಹಕರು ಕೊಟ್ಟ ಒಪ್ಪಿಗೆ ಈಗ 7 ದಿನಕ್ಕೆ ಮಾತ್ರ. ಒಮ್ಮೆ ಬೇಡ ಅಂದವರ ಹತ್ತಿರ 90 ದಿನ ಮತ್ತೆ ಒಪ್ಪಿಗೆ ಕೇಳುವಂತಿಲ್ಲ.

ನಮ್ಮ ಏಜೆಂಟರು ಜಾಸ್ತಿ ಎಡವುವುದು ಸ್ವಂತ ಮೊಬೈಲಿನ ವಿಷಯದಲ್ಲಿ. ಸಾಮಾನ್ಯ 10 ಅಂಕಿಯ ನಂಬರಿನಿಂದ ಜಾಹೀರಾತಿನ ಫೋನ್ ಮಾಡುವಂತಿಲ್ಲ. ಅದಕ್ಕೆಂದೇ 140ರಿಂದ ಶುರುವಾಗುವ ನಂಬರುಗಳಿವೆ. ಬಲ್ಕ್ ಎಸ್ಎಂಎಸ್ ಕಳಿಸಬೇಕಾದರೆ, ಮೆಸೇಜ್ ಕಳಿಸುವ ವ್ಯಾಪಾರಿಗಳನ್ನು ದಾಖಲಿಸಿಕೊಳ್ಳಲು ಇರುವ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ವ್ಯಾಪಾರದ ಹೆಸರು, ಹೆಡರ್ (ಕಳಿಸಿದವರ ಹೆಸರಾಗಿ ಮೆಸೇಜಿನ ಮೇಲೆ ಕಾಣುವ ಅಕ್ಷರಗಳು), ಮೆಸೇಜಿನ ಟೆಂಪ್ಲೇಟ್ (ಮಾದರಿ ಒಕ್ಕಣೆ) ಎಲ್ಲ ನೋಂದಾಯಿಸಬೇಕು. ಇದ್ಯಾವುದೂ ಇಲ್ಲದೆ ಸಿಮ್ ಹಾಕಿಕೊಂಡು ದಿನಕ್ಕೆ ನೂರು ಜನಕ್ಕೆ ಫೋನ್ ಮಾಡಿಸಿದರೆ, 10 ದಿನದಲ್ಲಿ 5 ದೂರು ಬಂದರೂ ಕ್ರಮ ಶುರುವಾಗುತ್ತದೆ. ಮೊದಲ ಸಲ 15 ದಿನ ನಿಮ್ಮ ಎಲ್ಲ ನಂಬರುಗಳ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್. ಫೋನಿನಲ್ಲೇ ಬದುಕು ನಡೆಸುವ ಏಜೆಂಟರಿಗೆ ಇದು ಅಂಗಡಿಗೆ ಬೀಗ ಬಿದ್ದ ಹಾಗೆ. ದೂರು ಕೊಡುವವರು ಡಿಎನ್‌ಡಿಗೆ ಸೇರಿರಬೇಕು ಅಂತಲೂ ಇಲ್ಲ.

ಡಿಎನ್‌ಡಿ ಅಂದರೆ 1909ಕ್ಕೆ ಫೋನ್ ಅಥವಾ ಮೆಸೇಜ್ ಮಾಡಿ 'ಜಾಹೀರಾತು ಬೇಡ' ಅಂತ ಬರೆಸಿಕೊಳ್ಳುವ ವ್ಯವಸ್ಥೆ. ಅದರ ಪಟ್ಟಿಯಲ್ಲಿ ರಿಯಲ್ ಎಸ್ಟೇಟ್‌ಗೇ ಒಂದು ಪ್ರತ್ಯೇಕ ವಿಭಾಗ ಇದೆ. ಬೇರೆಲ್ಲ ಬರಲಿ, ಸೈಟಿನ ಜಾಹೀರಾತು ಮಾತ್ರ ಬೇಡ ಅಂತ ಗ್ರಾಹಕರು ಹೇಳಬಹುದು.

ಹಾಗಾದರೆ ಒಪ್ಪಿಗೆ ಕೇಳುವುದು ಹೇಗೆ? ಕಾಯ್ದೆ ಹೇಳುವಂತೆ ಅದು ಒತ್ತಾಯವಿಲ್ಲದ್ದಾಗಿರಬೇಕು, ಯಾವುದಕ್ಕೆ ಅನ್ನುವುದು ಖಚಿತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲೂ ಆಗಬೇಕು. ನಿಮ್ಮ ವಿಸಿಟರ್ ಪುಸ್ತಕದ ಬದಲು ಒಬ್ಬೊಬ್ಬರಿಗೆ ಒಂದು ಚೀಟಿ ಇಡಿ. ಅದರಲ್ಲಿ ಕನ್ನಡದಲ್ಲೇ ಹೀಗೆ ಬರೆಸಿ: 'ನಿಮ್ಮಲ್ಲಿ ಹೊಸ ಸೈಟ್, ಫ್ಲಾಟ್ ಬಂದಾಗ ನನಗೆ ತಿಳಿಸಬಹುದು. ಫೋನ್, ಎಸ್ಎಂಎಸ್, ವಾಟ್ಸಾಪ್.' ಮೂರಕ್ಕೂ ಬೇರೆ ಬೇರೆ ಖಾಲಿ ಚೌಕ ಇರಲಿ. ಟಿಕ್ ಅವರೇ ಹಾಕಲಿ, ನೀವು ಮೊದಲೇ ಹಾಕಿಡಬೇಡಿ. ಕೆಳಗೆ ತಾರೀಖು, ಸಹಿ, ಜೊತೆಗೆ 'ಬೇಡ ಅನ್ನಿಸಿದಾಗ ಈ ನಂಬರಿಗೆ ಹೇಳಿ' ಅನ್ನುವ ಒಂದು ಸಾಲು. ಟಿಕ್ ಹಾಕದವರಿಗೂ ಸೈಟ್ ತೋರಿಸಿ. ಒಪ್ಪಿದರೆ ಮಾತ್ರ ತೋರಿಸುತ್ತೇವೆ ಅಂದರೆ ಅದು ಒಪ್ಪಿಗೆ ಆಗುವುದಿಲ್ಲ.

ಕನ್ನಡ ಅಂತ ನಾನು ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಅವಕಾಶ ಗ್ರಾಹಕರಿಗೆ ಇರಬೇಕು ಅನ್ನುತ್ತದೆ ಕಾಯ್ದೆ. ಆ 22ರಲ್ಲಿ ಕನ್ನಡವೂ ಒಂದು. ಸಣ್ಣ ಅಕ್ಷರದ ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಳ್ಳುವ ರೂಢಿ ಹೋಗಬೇಕು.

ಬಲ್ಕ್ ಎಸ್ಎಂಎಸ್ ಕಳಿಸುವವರಿಗೆ ಇನ್ನೊಂದು ಮಾತು. ಒಪ್ಪಿಗೆಯನ್ನು ಡಿಜಿಟಲ್ ಆಗಿ ದಾಖಲಿಸಬೇಕು ಅಂತ ಟ್ರಾಯ್ 2023ರಲ್ಲಿ ಆದೇಶ ಕೊಟ್ಟಿದೆ. 127ರಿಂದ ಶುರುವಾಗುವ ಕೋಡಿನಿಂದ ಗ್ರಾಹಕರಿಗೆ ಮೆಸೇಜ್ ಹೋಗುತ್ತದೆ, ಅವರು ಹೌದು ಅಥವಾ ಬೇಡ ಅನ್ನಬೇಕು. ಕಾಗದದ ಚೀಟಿ ನಿಮ್ಮ ಹತ್ತಿರದ ಸಾಕ್ಷಿ, ಅದು ಡಿಎಲ್‌ಟಿಯ ಜಾಗ ತುಂಬುವುದಿಲ್ಲ. ವಾಟ್ಸಾಪ್ ಈ ಟ್ರಾಯ್ ನಿಯಮಗಳ ಒಳಗೆ ಬರುವುದಿಲ್ಲ. ಆದರೂ ವಾಟ್ಸಾಪ್‌ನ ಬಿಸಿನೆಸ್ ನೀತಿಯೇ ಮೊದಲು ಒಪ್ಪಿಗೆ ಪಡೆಯಿರಿ ಅನ್ನುತ್ತದೆ. ಬಹಳ ಜನ ಬ್ಲಾಕ್ ಮಾಡಿದರೆ, ರಿಪೋರ್ಟ್ ಮಾಡಿದರೆ ಅಕೌಂಟ್ ಕಳೆದುಕೊಳ್ಳಬೇಕಾದೀತು.

ದುಡ್ಡು ಕೊಟ್ಟು ತಂದ 'ಡೇಟಾ' ಇದ್ದರೆ ಅಳಿಸಿಬಿಡಿ. ಯಾವುದೋ ಅಪಾರ್ಟ್‌ಮೆಂಟಿನ ಮಾಲೀಕರ ಪಟ್ಟಿಯಲ್ಲಿ ಇರುವವರು ನಿಮಗೆ ಏನನ್ನೂ ಒಪ್ಪಿಕೊಂಡಿಲ್ಲ.

ನಿಮ್ಮ ಹಳೆಯ ಪುಸ್ತಕವನ್ನು ಎಸೆಯಬೇಕಿಲ್ಲ. ಆದರೆ ಅದರಲ್ಲಿರುವ ಎಲ್ಲರಿಗೂ ಒಂದೇ ದಿನ ಮೆಸೇಜ್ ಬಿಡಬೇಡಿ. ನಿಮ್ಮಿಂದ ಸೈಟ್ ಕೊಂಡವರು ಖಾತೆ ಬದಲಾವಣೆಗೋ, ಕಂದಾಯದ ವಿಷಯಕ್ಕೋ ತಾವಾಗಿ ಫೋನ್ ಮಾಡುತ್ತಾರಲ್ಲ, ಮೊದಲು ಅವರ ಕೆಲಸ ಮುಗಿಸಿಕೊಡಿ. ಆಮೇಲೆ ಕೇಳಿ: 'ಹೊಸದೇನಾದರೂ ಬಂದರೆ ನಿಮಗೆ ತಿಳಿಸಲಾ?' ಬೇಡ ಅಂದರೆ ಆ ಹೆಸರಿನ ಮುಂದೆ ಆವತ್ತೇ ಕೆಂಪು ಗೆರೆ ಎಳೆಯಿರಿ, ಆಫೀಸಿನ ಹುಡುಗರಿಗೂ ತೋರಿಸಿ.