ಕೃಷ್ಣನ ಪಂಚಮ, ದುರ್ಯೋಧನನ ಧೈವತ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ, ಕೊರಟಗೆರೆ ಕಡೆಯ ಯಾವುದಾದರೂ ಊರ ಜಾತ್ರೆಯಲ್ಲೋ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಹಾರ್ಮೋನಿಯಂ ಮೇಷ್ಟ್ರ ಪರಿಚಯ ಇದ್ದೇ ಇರುತ್ತೆ. ರಾತ್ರಿಯಿಡೀ ಎಲ್ಲರ ಹಾಡನ್ನೂ ದಡ ಮುಟ್ಟಿಸುವವರು ಅವರೇ. ಜಾಸ್ತಿ ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಹಿಡಿದ ಯಜಮಾನರದ್ದು ದಪ್ಪ ಗಂಟಲು. ಕೃಷ್ಣನ ವೇಷದ ಹುಡುಗನದ್ದು ಏರು ಶ್ರುತಿ. ದುರ್ಯೋಧನ ಬಂದಾಗ ಮೇಷ್ಟ್ರು ಒಂದು ಮನೆಯನ್ನು, ಅಂದರೆ ಬೆರಳಿಂದ ಒತ್ತುವ ಪಟ್ಟಿಯನ್ನು, ಷಡ್ಜ (ಆಧಾರದ ‘ಸ’) ಮಾಡಿಕೊಳ್ಳುತ್ತಾರೆ, ಕೃಷ್ಣ ಬಂದಾಗ ಇನ್ನೊಂದನ್ನು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಜಾಗ ಬದಲಿಸಿರುತ್ತೆ. ನೋಡುವವರಿಗೆ ಇದು ಬರೀ ಕೈಚಳಕ. ಆದರೆ ಜಗತ್ತಿನ ಸಂಗೀತಗಾರರೂ ವಾದ್ಯ ಮಾಡುವವರೂ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡ ಲೆಕ್ಕ ಇದರಲ್ಲೇ ಇದೆ.

‘ಹಾರ್ಮೋನಿಯಂನಲ್ಲಿ ಎಲ್ಲ ಸ್ವರವೂ ಸರಿಯಾಗಿರುತ್ತೆ, ಅಪಸ್ವರ ಏನಿದ್ದರೂ ಹಾಡುವವನದ್ದು’ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಕಿರಿಕಿರಿ. ಇವತ್ತು ಸಾಮಾನ್ಯವಾಗಿ ಸಿಗುವ ಹಾರ್ಮೋನಿಯಂನ ಹನ್ನೆರಡು ಮನೆಗಳಲ್ಲಿ ಷಡ್ಜವೊಂದನ್ನು ಬಿಟ್ಟರೆ ಶುದ್ಧವಾಗಿ ಕೂರುವ ಸ್ವರ ಒಂದೂ ಇಲ್ಲ. ಮಿಕ್ಕ ಹನ್ನೊಂದೂ ಅಷ್ಟಷ್ಟು ತಪ್ಪು. ಅದೂ ಗೊತ್ತಿದ್ದೇ ಮಾಡಿದ ತಪ್ಪು.

ಶುದ್ಧ ಅಂತ ಹೇಳೋರು ಯಾರು? ಶಾಸ್ತ್ರ ಅಲ್ಲ, ಕಿವಿ. ಲೆಕ್ಕ ಸುಲಭವಾಗಲಿ ಅಂತ ದುರ್ಯೋಧನನ ಷಡ್ಜ ಸೆಕೆಂಡಿಗೆ 240 ಕಂಪನ ಅಂತಿಟ್ಟುಕೊಳ್ಳಿ. ಆ ಮನೆ ಒತ್ತಿದಾಗ ಬರುವುದು 240 ಒಂದೇ ಅಲ್ಲ. ಅದರ ಬೆನ್ನಿಗೇ 480, 720, 960, 1200 ಹೀಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಸಣ್ಣ ದನಿಯಲ್ಲಿ ಬರುತ್ತವೆ. ಇವನ್ನು ಹಾರ್ಮೋನಿಕ್ ಅನ್ನುತ್ತಾರೆ. ಈಗ ಅಂತರ ಗಾಂಧಾರವನ್ನೂ ಜೊತೆಗೆ ಒತ್ತಿ. ಶುದ್ಧವಾಗಿ ಕೂರುವ ಅಂತರ ಗಾಂಧಾರ ಷಡ್ಜದ 5/4ರಷ್ಟು, ಅಂದರೆ 300. ಅದರ ನಾಲ್ಕನೇ ಹಾರ್ಮೋನಿಕ್ 1200. ಷಡ್ಜದ ಐದನೆಯದೂ 1200. ಎರಡೂ ಒಂದರ ಮೇಲೊಂದು ಕೂತವು. ಕಿವಿಗೆ ನೆಮ್ಮದಿ.

ಹಾರ್ಮೋನಿಯಂನ ಗಾಂಧಾರ ಮಾತ್ರ 300 ಅಲ್ಲ, 302.4. ಅದರ ನಾಲ್ಕನೆಯದು ಸುಮಾರು 1209.5. ಈಗ 1200 ಮತ್ತು 1209.5 ಪಕ್ಕಪಕ್ಕದಲ್ಲಿ ನಿಂತವು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುತ್ತಿದ್ದಾರೆ, ಒಬ್ಬಳ ಕೈ ಒಂಚೂರು ಚುರುಕು. ಸ್ವಲ್ಪ ಹೊತ್ತು ಎರಡೂ ಒಟ್ಟಿಗೆ ಬಿದ್ದು ಜೋರು ಸದ್ದು, ಆಮೇಲೆ ಒಂದು ಮೇಲೆ ಒಂದು ಕೆಳಗೆ, ಮತ್ತೆ ಒಟ್ಟಿಗೆ. ಎರಡು ಕಂಪನಗಳೂ ಹಾಗೇ. ಅವುಗಳ ವ್ಯತ್ಯಾಸ ಎಷ್ಟೋ, ಸೆಕೆಂಡಿಗೆ ಅಷ್ಟು ಸಲ ಸದ್ದು ಏರಿ ಇಳಿಯುತ್ತೆ. ಇಲ್ಲಿ ಒಂಬತ್ತೂವರೆ ಸಲ. ಈ ಮಿಡಿತವೇ ಕಿವಿಗೆ ಒರಟು ಅನಿಸುವುದು. ಪಂಚಮದಲ್ಲಿ ತಪ್ಪು ತೀರಾ ಸಣ್ಣದು. ಬೇಕಾದ್ದು 360, ಇರುವುದು 359.6. ಮಿಡಿತ ಸೆಕೆಂಡಿಗೆ ಒಂದಕ್ಕಿಂತ ಕಮ್ಮಿ, ನಿಧಾನವಾದ ಅಲೆ. ಅದಕ್ಕೇ ಪಂಚಮ ನಮಗೆ ಸರಿಯಾಗೇ ಕೇಳಿಸುತ್ತೆ, ಗಾಂಧಾರ ಮಾತ್ರ ಎಲ್ಲೋ ಚುಚ್ಚುತ್ತೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಇದನ್ನು ವಿವರವಾಗಿ ಬರೆದರು. ನೀವೇ ನೋಡಬೇಕಾದರೆ ಹಾರ್ಮೋನಿಯಂನಲ್ಲಿ ಒಂದೇ ಸಾಲು ರೀಡು ತೆರೆದು, ಷಡ್ಜ-ಗಾಂಧಾರ ಒಟ್ಟಿಗೆ ಒತ್ತಿ, ತಿದಿಯನ್ನು ಒಂದೇ ಸಮ ತಳ್ಳಿ. ತಬಲಾ ನಿಲ್ಲಿಸಿರಬೇಕು.

ಸರಿ, ಗಾಂಧಾರವನ್ನು 300ಕ್ಕೇ ಇಳಿಸಿಬಿಟ್ಟರೆ ಆಯ್ತಲ್ವಾ? ಇಳಿಸಬಹುದು. ಹಿತ್ತಾಳೆ ರೀಡಿನ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತೆ. ತುದಿ ಹಗುರಾದರೆ ಬೇಗ ಅಲುಗುತ್ತೆ, ಬುಡ ತೆಳುವಾದರೆ ಬಿಗಿ ಕಮ್ಮಿಯಾಗುತ್ತೆ. ರಿಪೇರಿ ಮಾಡುವವರು ಕೆರೆಯುತ್ತಾರೆ, ಊದಿಸಿ ಕೇಳುತ್ತಾರೆ, ಮತ್ತೆ ಕೆರೆಯುತ್ತಾರೆ. ಹೀಗೆ ದುರ್ಯೋಧನನಿಗೆ ಒಪ್ಪುವಂತೆ ಎಲ್ಲವನ್ನೂ ಶುದ್ಧ ಮಾಡಿದಿರಿ ಅನ್ನಿ. ರಿಷಭ 270, ಗಾಂಧಾರ 300, ಮಧ್ಯಮ 320, ಪಂಚಮ 360, ಧೈವತ 400, ನಿಷಾದ 450. ಎಷ್ಟು ಚೊಕ್ಕ ಸಂಖ್ಯೆಗಳು ನೋಡಿ.

ಅಷ್ಟರಲ್ಲಿ ಕೃಷ್ಣ ಬಂದ. ಅವನ ಷಡ್ಜ 270, ಅಂದರೆ ದುರ್ಯೋಧನನ ರಿಷಭ. ಅವನ ಪಂಚಮ ಒಂದೂವರೆಯಷ್ಟು, 405 ಇರಬೇಕು. ಪೆಟ್ಟಿಗೆಯಲ್ಲಿರುವುದು 400! ಕೃಷ್ಣನ ಷಡ್ಜದ ಮೂರನೇ ಹಾರ್ಮೋನಿಕ್ 810, ಈ ಪಂಚಮದ ಎರಡನೆಯದು 800. ಸೆಕೆಂಡಿಗೆ ಹತ್ತು ಮಿಡಿತ. ಗಾಂಧಾರ ಚುಚ್ಚುತ್ತಿದ್ದ ಕಡೆ ಈಗ ಪಂಚಮವೇ ಚುಚ್ಚುತ್ತೆ, ಇದು ಇನ್ನೂ ಕೆಟ್ಟದ್ದು. ಧೈವತವನ್ನು 405ಕ್ಕೆ ಏರಿಸಿದರೆ ಕೃಷ್ಣನಿಗೆ ಸರಿಹೋಗುತ್ತೆ, ಆದರೆ ದುರ್ಯೋಧನನ ಮಧ್ಯಮಕ್ಕೂ ಧೈವತಕ್ಕೂ ಇದ್ದ ಹೊಂದಿಕೆ ಕೆಡುತ್ತೆ. ಈ 400–405ರ ಜಗಳ ಮೇಷ್ಟ್ರ ತಪ್ಪಲ್ಲ, ಪೆಟ್ಟಿಗೆ ಮಾಡಿದವರ ತಪ್ಪೂ ಅಲ್ಲ. ಮೂರನ್ನು ಎಷ್ಟು ಸಲ ಗುಣಿಸಿದರೂ ಅದು ಐದರ ಗುಣಕವಾಗಲ್ಲ. ಅಷ್ಟೇ ವಿಷಯ. ಇಲ್ಲಿ 81ಕ್ಕೂ 80ಕ್ಕೂ ಇರುವ ಅಂತರವನ್ನು ಪಾಶ್ಚಾತ್ಯರು ಕಾಮಾ ಅನ್ನುತ್ತಾರೆ.

ಇದಕ್ಕೆ ಮಾಡಿಕೊಂಡ ರಾಜಿಯೇ ಸಮಪಾಲು. ಷಡ್ಜದಿಂದ ಮೇಲಿನ ಷಡ್ಜದವರೆಗೆ, ಅಂದರೆ ಒಂದು ಸ್ಥಾಯಿಗೆ, ಹನ್ನೆರಡು ಹೆಜ್ಜೆ. ಪ್ರತಿ ಹೆಜ್ಜೆಗೂ 1.05946ರಿಂದ ಗುಣಿಸುವುದು. ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು. ಚೀನಾದ ಮಿಂಗ್ ಮನೆತನದ ರಾಜಕುಮಾರ ಝೂ ಝಾಯ್ಯೂ 1584ರಲ್ಲಿ ಈ ಸಂಖ್ಯೆಯನ್ನು ಬಹಳ ನಿಖರವಾಗಿ ಲೆಕ್ಕ ಹಾಕಿದ್ದ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ, ಯಾರಿಗೂ ಪೂರ್ತಿ ಅನ್ಯಾಯ ಇಲ್ಲ. ಕೃಷ್ಣನೂ ದುರ್ಯೋಧನನೂ ಒಂದೇ ಪೆಟ್ಟಿಗೆಯಲ್ಲಿ ಹಾಡಬಹುದು.

ಎಲ್ಲರೂ ಈ ರಾಜಿಗೆ ತಲೆಯಾಡಿಸಲಿಲ್ಲ. ಇಟಲಿಯ ನಿಕೊಲಾ ವಿಚೆಂತಿನೊ 1555ರ ತನ್ನ ಪುಸ್ತಕದಲ್ಲಿ, ಒಂದು ಸ್ಥಾಯಿಗೆ 36 ಮನೆಗಳಿರುವ ಕೀಬೋರ್ಡ್ ವಾದ್ಯವನ್ನು ವಿವರಿಸಿದ. 1691ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಸ್ಥಾಯಿಯನ್ನು 31 ಸಮಪಾಲು ಮಾಡುವ ಬಗ್ಗೆ ಬರೆದ. ಶನಿಯ ಉಂಗುರಗಳ ಗುಟ್ಟು ಬಿಡಿಸಿದ ಅದೇ ಹೈಗನ್ಸ್. 31 ಯಾಕೆ ಅಂದರೆ, ಅದರ ಹತ್ತನೇ ಮೆಟ್ಟಿಲು ಶುದ್ಧ ಗಾಂಧಾರದ ಮೇಲೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತೆ. ನಮ್ಮ 240ರ ಲೆಕ್ಕದಲ್ಲಿ 300.1! ಪಂಚಮ ಮಾತ್ರ ಒಂದು ಕಂಪನದಷ್ಟು ತಗ್ಗುತ್ತೆ. ಹೈಗನ್ಸ್‌ನ ಈ ಬರಹವನ್ನು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಎತ್ತಿಕೊಂಡವರು ಏಡ್ರಿಯಾನ್ ಫೋಕರ್. ಭೌತವಿಜ್ಞಾನ ಓದಿದವರಿಗೆ ಫೋಕರ್-ಪ್ಲಾಂಕ್ ಸಮೀಕರಣದಿಂದ ಈ ಹೆಸರು ಗೊತ್ತಿರುತ್ತೆ. ಇವರು 31 ಸ್ವರದ ಆರ್ಗನ್ ಕಟ್ಟಿಸಿ, 1950ರಲ್ಲಿ ಹಾರ್ಲೆಮ್ ಊರಿನ ಟೈಲರ್ಸ್ ಮ್ಯೂಸಿಯಂನಲ್ಲಿ ಇಟ್ಟರು. ಈಗ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ.

ಅಮೆರಿಕದ ಹ್ಯಾರಿ ಪಾರ್ಚ್ (1901–1974) ಇನ್ನೂ ಹಟಮಾರಿ. ಆತನಿಗೆ ಸಮಪಾಲು ಅಂದರೇ ಆಗುತ್ತಿರಲಿಲ್ಲ. ಶುದ್ಧ ಅನುಪಾತಗಳನ್ನೇ ಜೋಡಿಸಿ ಸ್ಥಾಯಿಗೆ 43 ಸ್ವರ ಮಾಡಿಕೊಂಡ. ಅವನ್ನು ನುಡಿಸುವ ವಾದ್ಯ ಎಲ್ಲೂ ಇರಲಿಲ್ಲವಾದ್ದರಿಂದ ತಾನೇ ಬಡಗಿಯಾದ. ಹಳೇ ರೀಡ್ ಆರ್ಗನ್ ತಂದು ರೀಡು ಬದಲಿಸಿದ. ಬರ್ಕ್‌ಲಿಯ ವಿಕಿರಣ ಪ್ರಯೋಗಾಲಯದಲ್ಲಿ ಉಳಿದಿದ್ದ ದೊಡ್ಡ ಗಾಜಿನ ಬುರುಡೆಗಳನ್ನು ಕತ್ತರಿಸಿ ನೇತುಹಾಕಿ ಗಂಟೆಗಳಂತೆ ಬಾರಿಸಿದ. ಮೆಕ್ಸಿಕೋದ ಹೂಲಿಯಾನ್ ಕರಿಯೋ ಬೇರೆ ಬೇರೆ ಪಾಲಿನ ಹದಿನೈದು ಪಿಯಾನೊ ಮಾಡಿಸಿ 1958ರ ಬ್ರಸೆಲ್ಸ್ ಮೇಳದಲ್ಲಿ ತೋರಿಸಿದ. ಚೆಕ್ ದೇಶದ ಅಲೋಯ್ಸ್ ಹಾಬಾಗೆ ಕಾಲು ಸ್ವರದ ಪಿಯಾನೊ ಸಿಕ್ಕಿತು. ನನ್ನ ಅಭಿಪ್ರಾಯ ಕೇಳಿದರೆ, ಹಾಬಾ ದಾರಿ ಅಷ್ಟು ಫಲ ಕೊಡಲ್ಲ. ಹನ್ನೆರಡನ್ನು ಇಪ್ಪತ್ನಾಲ್ಕು ಮಾಡಿದರೂ ಹಳೇ ಗಾಂಧಾರದ ತಪ್ಪು ಅಲ್ಲೇ ಉಳಿಯುತ್ತೆ. ಹೊಸ ಬಣ್ಣ ಸಿಗುತ್ತೆ, ನಿಜ. ಶುದ್ಧತೆ ಸಿಗಲ್ಲ.

ನಮ್ಮಲ್ಲೂ ಈ ಹುಚ್ಚು ಇತ್ತು. ಸಾಂಗ್ಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ 22 ಶ್ರುತಿಗಳ ಬಗ್ಗೆ, ಅಂದರೆ ಒಂದು ಸ್ಥಾಯಿಯೊಳಗಿನ 22 ಸೂಕ್ಷ್ಮ ಸ್ವರಜಾಗಗಳ ಬಗ್ಗೆ, ಪುಸ್ತಕ ಬರೆದರು. ಅವರೂ ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಸಾಹೇಬರೂ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. 1916ರ ಬರೋಡ ಸಂಗೀತ ಸಮ್ಮೇಳನದಲ್ಲಿ ಅದು ಚರ್ಚೆಗೂ ಬಂತು. ಇನ್ನೊಂದು ಕಡೆ ಹಾರ್ಮೋನಿಯಂ ಬೇಡವೇ ಬೇಡ ಅನ್ನುವವರು. ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೋಲ್ಡ್ಸ್ ಅದರ ವಿರುದ್ಧ ಖಾರವಾಗಿ ಬರೆದಿದ್ದರು. ಈತ ಸ್ವತಃ ಕಾಲು ಸ್ವರ ಬಳಸಿದ ಸಂಗೀತ ಸಂಯೋಜಕ, ಅಂದರೆ ಕಿವಿ ಚುರುಕು. 1939ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ಬಂದು ತೀರಿಕೊಂಡರು. ಮಾರನೇ ವರ್ಷ, 1940ರಲ್ಲಿ, ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿತು. ಅದು ಸಡಿಲವಾಗಿದ್ದು 1971ರಲ್ಲಿ. ಈ ಮೂವತ್ತು ವರ್ಷವೂ ನಮ್ಮ ಹಳ್ಳಿ ನಾಟಕಗಳಲ್ಲಿ, ಭಜನೆ ಮನೆಗಳಲ್ಲಿ ಪೆಟ್ಟಿಗೆ ನಿಲ್ಲಲಿಲ್ಲ ಅನ್ನಿ.

ಈಗಿನ ಕಾಟ ಬೇರೆ. ‘432 ಹರ್ಟ್ಸ್ ಬ್ರಹ್ಮಾಂಡದ ನಾದ, 440 ಮನಸ್ಸು ಕೆಡಿಸುತ್ತೆ, ಋಷಿಗಳಿಗೆ ಇದು ಗೊತ್ತಿತ್ತು’ ಅಂತ ವಾಟ್ಸ್ಯಾಪಿನಲ್ಲಿ ಬರುತ್ತಲೇ ಇರುತ್ತೆ. ಅದರ ಜೊತೆ ಬಿಪಿ ಇಳಿಸುವ ಆಡಿಯೋ ಮಾರಾಟ ಬೇರೆ. ಸ್ವಲ್ಪ ಯೋಚಿಸಿ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ. ದಿನವನ್ನು 86,400 ಪಾಲು ಮಾಡಿ ಒಂದನ್ನು ಸೆಕೆಂಡು ಅಂದವರು ಮನುಷ್ಯರು. ಬೇರೆ ಥರ ಪಾಲು ಮಾಡಿದ್ದರೆ ಅದೇ ನಾದಕ್ಕೆ ಬೇರೆ ಸಂಖ್ಯೆ. ಪಾಶ್ಚಾತ್ಯ ವಾದ್ಯಗಳ ‘ಎ’ ಸ್ವರಕ್ಕೆ ಇಟ್ಟುಕೊಂಡ 440 ಕೂಡ ಪವಿತ್ರವೇನಲ್ಲ. 1939ರ ಲಂಡನ್ ಸಭೆಯೊಂದರಲ್ಲಿ ಒಪ್ಪಿಕೊಂಡ ಅನುಕೂಲ ಅಷ್ಟೇ. 1859ರಲ್ಲಿ ಫ್ರಾನ್ಸ್ ಸರಕಾರ 435 ಅಂದಿತ್ತು. ನಮ್ಮ ಸಂಗೀತಕ್ಕಂತೂ ಈ ಜಗಳವೇ ಇಲ್ಲ. ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗಿ ತಾತಯ್ಯನವರ ತತ್ವಪದ ಕೇಳಿ. ತಂಬೂರಿ ಹಿಡಿದವರು ತಮ್ಮ ಗಂಟಲು ಎಲ್ಲಿ ಕೂರುತ್ತೋ ಅಲ್ಲೇ ಷಡ್ಜ ಮಾಡಿಕೊಳ್ಳುತ್ತಾರೆ. ಸಂಖ್ಯೆ ಯಾವುದಾದರೇನು? ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ಅನುಪಾತ ಮಾತ್ರ ಕಿವಿಗೆ ಬೇಕು.

22 ಶ್ರುತಿಯದ್ದೂ ಇಂಥದ್ದೇ ಕಥೆ. ನಾಟ್ಯಶಾಸ್ತ್ರದಲ್ಲಿ ಭರತ ಎರಡು ವೀಣೆ ಇಟ್ಟು ಒಂದನ್ನು ಸ್ವಲ್ಪ ಸ್ವಲ್ಪ ಇಳಿಸಿ ಹೋಲಿಸುವ ಪ್ರಯೋಗ ಹೇಳುತ್ತಾನೆ. ಓದಿದರೆ ರೋಮಾಂಚನ ಆಗುತ್ತೆ, ಅಷ್ಟು ಚೆನ್ನಾಗಿದೆ. ಆದರೆ ಅವನು ಅನುಪಾತದ ಸಂಖ್ಯೆ ಕೊಟ್ಟಿಲ್ಲ. ಇವತ್ತು ಪಟ್ಟಿಗಳಲ್ಲಿ ಕಾಣುವ 81/80, 256/243 ಎಲ್ಲ ಆಮೇಲಿನವರು ಕೂರಿಸಿದ್ದು. ಕೃತಿ ಅಷ್ಟು ಹಳೆಯದು ಅಂದಮಾತ್ರಕ್ಕೆ ಇವತ್ತಿನ ತೋಡಿ ರಾಗವನ್ನು ಅದರ ಅಳತೆಕೋಲಲ್ಲಿ ಅಳೆಯೋಕಾಗಲ್ಲ.

ವೀಣೆಯನ್ನೇ ಹತ್ತಿರದಿಂದ ನೋಡಿ. ಕೊಡ ಹಲಸಿನ ಮರದ್ದು. ಹಲಸಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಊರೂರಿಗೆ ಹೋಗಿದೆ. ದಂಡಿಯ ಮೇಲೆ ಎರಡು ಸಾಲು ಕಪ್ಪು ಮೇಣ, ಅದರ ಮೇಲೆ ಲೋಹದ 24 ಮೆಟ್ಟಿಲು. ಮೇಣ ಬಿಸಿ ಇರುವಾಗ ಮೆಟ್ಟಿಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಮೀಟಿ ಕೇಳಿ, ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ವರ್ಷಗಳು ಕಳೆದಂತೆ ಮೇಣ ಜರುಗಿದರೆ ಮತ್ತೆ ಕಟ್ಟಿಸಬೇಕು.

ಹಾಗಂತ ನುಡಿಸುವವರಿಗೆ 24 ಜಾಗ ಮಾತ್ರವೇ? ಅಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿ ಏರಿ ಸ್ವರ ಏರುತ್ತೆ. ಕಂಪನ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಹೋಗುವುದರಿಂದ, 400ನ್ನು 405 ಮಾಡಲು ಬಿಗಿ ಎರಡೂವರೆ ಪರ್ಸೆಂಟ್ ಜಾಸ್ತಿಯಾದರೆ ಸಾಕು. ಬೆರಳನ್ನು ಸುಮ್ನೆ ಒಂಚೂರು ಒತ್ತಿದಷ್ಟು.  ಒಂದು ಪೂರ್ತಿ ಸ್ವರ ಏರಿಸಲು ಬಿಗಿ ಸುಮಾರು 27 ಪರ್ಸೆಂಟ್ ಏರಬೇಕು, ಅದಕ್ಕೆ ಬೆರಳಿಗೆ ಬಲ ಬೇಕು. ಕಲಿಯುವ ಮಕ್ಕಳ ಬೆರಳ ತುದಿಯಲ್ಲಿ ಗೆರೆ ಬೀಳುವುದು ಸುಮ್ನೆ ಅಲ್ಲ.

ಈಗ ಪ್ರಾಟ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಮಾತಿನ ದನಿ ಅಳೆಯಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾಡಿದ್ದು. ವೀಣೆಯ ಅಥವಾ ಗಂಟಲಿನ ತೋಡಿಯ ಒಂದು ತುಣುಕನ್ನು, ತಂಬೂರಿ ಸದ್ದಿಲ್ಲದೆ ರೆಕಾರ್ಡ್ ಮಾಡಿ ಅದರೊಳಗೆ ಹಾಕಿ. ಷಡ್ಜ, ಪಂಚಮ ನೇರ ಗೆರೆಯಾಗಿ ಕಾಣುತ್ತವೆ. ಗಾಂಧಾರ ಬಂದ ತಕ್ಷಣ ಗೆರೆ ಮೇಲಕ್ಕೂ ಕೆಳಕ್ಕೂ ತೂಗಾಡುತ್ತೆ, ರಿಷಭದ ಹತ್ತಿರ ಹೋಗಿ ಬರುತ್ತೆ, ಮಧ್ಯಮದ ಕಡೆಗೂ ಏರುತ್ತೆ. ಒಂದು ಕಡೆಯೂ ನಿಂತಿರಲ್ಲ. ಇದು ಇಪ್ಪತ್ತೆರಡರಲ್ಲಿ ಎಷ್ಟನೇ ಶ್ರುತಿ ಅಂತ ಕೇಳುವವರಿಗೆ ಆ ಗೆರೆಯನ್ನೇ ತೋರಿಸಿ, ಯಾವ ಜಾಗದಲ್ಲಿ ಬೆರಳಿಡಬೇಕು ಅಂತ ಅವರನ್ನೇ ಕೇಳಿ.