ಡೋಪಮೈನ್ ಖಾಲಿ ಮಾಡಿದ್ರೆ ಏನಾಗುತ್ತೆ?

ಹಾಸನದ ಪಿಯುಸಿ ಹುಡುಗನೊಬ್ಬನ ಪ್ರಶ್ನೆ: ‘ಸರ್, ಡೋಪಮೈನ್ ಅಂದ್ರೆ ಖುಷಿ ಕೊಡುವ ರಾಸಾಯನಿಕ ತಾನೇ? ರೀಲ್ಸ್ ನೋಡಿ ನೋಡಿ ಜಾಸ್ತಿ ಆಗಿದೆ, ಒಂದು ವಾರ ಡಿಟಾಕ್ಸ್ ಮಾಡಿ ಖಾಲಿ ಮಾಡ್ಕೋ ಅಂತ ಫ್ರೆಂಡ್ಸ್ ಹೇಳ್ತಾರೆ. ಮಾಡ್ಲಾ?’

ಖಾಲಿ ಮಾತ್ರ ಮಾಡ್ಕೋಬೇಡಪ್ಪ. ಖಾಲಿ ಆದ್ರೆ ಏನಾಗುತ್ತೆ ಅಂತ ಮೊಲಗಳಲ್ಲಿ ನೋಡಿಯಾಗಿದೆ. 1950ರ ದಶಕದಲ್ಲಿ ಸ್ವೀಡನ್‌ನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಅನ್ನೋ, ಮೆದುಳಿನ ಡೋಪಮೈನ್ ಖಾಲಿ ಮಾಡುವ ಔಷಧಿ ಕೊಟ್ಟರು. ಅದು ಸಿಕ್ಕಿದ್ದು ಸರ್ಪಗಂಧದ ಬೇರಿನಲ್ಲಿ. ಹೌದು, ನಮ್ಮ ಮಲೆನಾಡಿನ ನಾಟಿ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅದೇ ಗಿಡ! ಮೊಲಗಳು ಕಿವಿ ಜೋತುಬಿಟ್ಟುಕೊಂಡು ಕದಲದೆ ಬಿದ್ದವು. ಆಮೇಲೆ ಎಲ್-ಡೋಪಾ ಕೊಟ್ಟರು, ಅಂದ್ರೆ ಮೆದುಳು ಡೋಪಮೈನ್ ತಯಾರಿಸಿಕೊಳ್ಳುವ ಕಚ್ಚಾ ಮಾಲು. ಸ್ವಲ್ಪ ಹೊತ್ತಲ್ಲೇ ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಕೊಡುವ ಮುಖ್ಯ ಔಷಧಿ ಅದೇ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಡೋಪಮೈನ್ ಒಂದು ನರವಾಹಕ. ಒಂದು ನರಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ರಾಸಾಯನಿಕ. ಮೈ ಕದಲಿಸಲೂ ಅದು ಬೇಕು, ‘ನಂಗದು ಬೇಕು’ ಅನ್ನಿಸಲೂ ಬೇಕು.

ಈ ‘ಬೇಕು’ ಅನ್ನೋದರಲ್ಲೇ ಮಜಾ ಇರೋದು. ಚಿಕ್ಕವನಿದ್ದಾಗ ಮೂಡಿಗೆರೆಯ ಅಜ್ಜಿ ಮನೆಯಲ್ಲಿ ಕಡುಬು, ಕೋಳಿ ಸಾರು ಮಾಡಿದ ದಿನ ನಾನು ಒಲೆ ಮುಂದೇನೇ ಕೂತಿರುತ್ತಿದ್ದೆ. ಪಾತ್ರೆಯ ಮುಚ್ಚಳ ಆವಿಗೆ ತಟಪಟ ಅಂದಾಗ ಆಗುತ್ತಿದ್ದ ಸಂಭ್ರಮ, ತಟ್ಟೆಗೆ ಬಿದ್ದ ಮೇಲೆ ಅಷ್ಟು ಇರುತ್ತಿರಲಿಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಕಂಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಮೊದಮೊದಲು ಜ್ಯೂಸ್ ಬಾಯಿಗೆ ಬಿದ್ದಾಗ ಅವುಗಳ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ದೀಪ ಹತ್ತಿದರೆ ಜ್ಯೂಸ್ ಬರುತ್ತೆ ಅಂತ ಗೊತ್ತಾದ ಮೇಲೆ ದೀಪಕ್ಕೇ ಚುರುಕು, ಜ್ಯೂಸಿಗೆ ಏನೂ ಇಲ್ಲ. ದೀಪ ಹತ್ತಿಯೂ ಜ್ಯೂಸ್ ಬಾರದಿದ್ದರೆ, ಅದು ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಕೋಶಗಳು ತೆಪ್ಪಗಾಗುತ್ತಿದ್ದವು. ಅಂದುಕೊಂಡಿದ್ದೆಷ್ಟು, ಸಿಕ್ಕಿದ್ದೆಷ್ಟು, ಆ ವ್ಯತ್ಯಾಸದ ಲೆಕ್ಕ ಅದು. ಖುಷಿಯ ಅಳತೆ ಅಂತ ಯಾರು ಶುರು ಮಾಡಿದರೋ!

ನಿನ್ನ ಫೋನಿನ ಟಿಣ್ ಸದ್ದೂ ಆ ಮುಚ್ಚಳದ ಥರಾನೇ. ಹತ್ತು ಸಲ ತೆಗೆದರೆ ಯಾವ ಸಲ ಒಳ್ಳೆಯದು ಸಿಗುತ್ತೋ ಗೊತ್ತಿಲ್ಲ, ಅದಕ್ಕೇ ಕೈ ಮತ್ತೆ ಮತ್ತೆ ಹೋಗೋದು. ಒಂದು ವಾರ ಬಿಟ್ಟರೆ ಅಭ್ಯಾಸ ಸ್ವಲ್ಪ ಸಡಿಲ ಆಗಬಹುದು, ಡೋಪಮೈನ್ ಏನೂ ಖಾಲಿ ಆಗಲ್ಲ. ಸದ್ಯಕ್ಕೆ ಆ ಟಿಣ್ ಬಂದ್ ಮಾಡು. ಓದುವಾಗ ಫೋನು ಅಡುಗೆ ಮನೆಯಲ್ಲಿ ಅಮ್ಮನ ಹತ್ತಿರ ಇರಲಿ.