2,999 ರೂಪಾಯಿಗೆ 48 ಮೆಗಾಪಿಕ್ಸೆಲ್ ಕ್ಯಾಮೆರಾ: ತಗೋಬಹುದಾ?

ಕೊಪ್ಪಳದ ಓದುಗರೊಬ್ಬರ ಪ್ರಶ್ನೆ: “ಸರ್, ಮಗಳು ಪಿಯುಸಿ ಓದ್ತಾಳೆ, ಫೋಟೊ ತೆಗೆಯೋ ಹುಚ್ಚು. ಆನ್‌ಲೈನ್‌ನಲ್ಲಿ 48 ಮೆಗಾಪಿಕ್ಸೆಲ್, 16ಎಕ್ಸ್ ಜೂಮ್, 4ಕೆ ವಿಡಿಯೊ ಇರೋ ಡಿಜಿಟಲ್ ಕ್ಯಾಮೆರಾ 2,999ಕ್ಕೆ ತೋರಿಸ್ತಾ ಇದೆ. ಕಂಪನಿ ಹೆಸರು ಕೇಳಿಲ್ಲ. ಗವಿಮಠದ ಜಾತ್ರೆಗೆ ಕೊಡಿಸಬೇಕು ಅಂತಿದ್ದೀನಿ. ತಗೋಬಹುದಾ?”

ಬೇಡ. ಮಗಳಿಗೆ ಕ್ಯಾಮೆರಾ ಬೇಡ ಅಂತಲ್ಲ, ಈ ಕ್ಯಾಮೆರಾ ಬೇಡ.

ಇದನ್ನು ನಾನು ಪೆಟ್ಟು ತಿಂದು ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ಇಂಥದ್ದೇ ಒಂದನ್ನು ಗಂಗಾವತಿಯ ನಮ್ಮ ಅಕ್ಕನ ಮಗಳಿಗೆ ತರಿಸಿಕೊಟ್ಟಿದ್ದೆ. ಡಬ್ಬಿ ಚೆನ್ನಾಗಿತ್ತು. ಜೊತೆಗೊಂದು ಕಾರ್ಡು, ಕೈಗೆ ಸಿಕ್ಕಿಸುವ ದಾರ, ಎರಡು ಬ್ಯಾಟರಿ. ಮಾರನೇ ಭಾನುವಾರ ಇಟಗಿಯ ಮಹಾದೇವ ದೇವಸ್ಥಾನಕ್ಕೆ ಹೋದೆವು. 1112ರಲ್ಲಿ ಕಟ್ಟಿದ ಗುಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಾಲಿಟ್ಟರೆ ಕಂಬ ಕಾಣಿಸೋಕೇ ಸ್ವಲ್ಪ ಹೊತ್ತು ಬೇಕು. ಹೊರಗಿನ ಫೋಟೊ ಪರವಾಗಿಲ್ಲ ಅನ್ನುವಂತೆ ಬಂದವು. ಒಳಗಿನ ಆ ನುಣುಪು ಕಂಬಗಳು ಮಾತ್ರ ಬೂದಿ ಮೆತ್ತಿಕೊಂಡು ಕೂತಿದ್ದವು. ಶಿಖರದ ಕೆತ್ತನೆಗೆ ಪೂರ್ತಿ ಜೂಮ್ ಹಾಕಿ ತೆಗೆದವಳು ಪರದೆ ನೋಡಿ, “ಮಾಮಾ, ಇದೇನ್ ಫೋಟೊನೋ, ಮಳ್ಯಾಗ ಅಳಿಸಿಹೋದ ರಂಗೋಲಿನೋ?” ಅಂದಳು.

ಈಗ ಆ ಡಬ್ಬಿಯ ಮೇಲಿನ ಅಂಕಿಗಳಿಗೆ ಬರೋಣ. ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕೆಗಳಿವೆ ಅನ್ನುವ ಲೆಕ್ಕ. ಇಂಥ ಅಗ್ಗದ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಹೆಚ್ಚಿನ ಸಲ ಇರುವುದೇ 5 ಇಲ್ಲವೇ 8 ಮೆಗಾಪಿಕ್ಸೆಲ್‌ನದು. ಉಳಿದ ಚುಕ್ಕೆಗಳನ್ನು ಒಳಗಿನ ಚಿಪ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಎರಡು ಲೋಟ ಮಜ್ಜಿಗೆಗೆ ನೀರು ಸುರಿದು ಹನ್ನೆರಡು ಲೋಟ ಮಾಡಿದ ಹಾಗೆ. ಲೋಟ ಎಣಿಸಿದರೆ ಸುಳ್ಳಲ್ಲ, ಕುಡಿದರೆ ಗೊತ್ತಾಗುತ್ತದೆ. ಮಾರುವ ಪುಟದಲ್ಲಿ ಕೆಳಗೆ ಇಳಿಯುತ್ತಾ ಹೋಗಿ, ‘ಇಮೇಜ್ ಸೆನ್ಸರ್’ ಅನ್ನುವ ಸಾಲು ಹುಡುಕಿ. ಎಷ್ಟೋ ಸಲ ನಿಜ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಸಾಲೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ಅಷ್ಟಕ್ಕೂ ಸ್ಟುಡಿಯೊದಲ್ಲಿ ಹಾಕಿಸುವ 4x6 ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್‌ಗಿಂತ ಚೂರು ಜಾಸ್ತಿ ಸಾಕು. 48 ಯಾರಿಗೆ ಬೇಕು?

4ಕೆ, ಅಂದರೆ ತುಂಬ ಹೆಚ್ಚು ಚುಕ್ಕೆಗಳ ವಿಡಿಯೊ ಕೂಡ ಬಹುಪಾಲು ಇದೇ ನೀರು ಮಜ್ಜಿಗೆ.

ಜೂಮ್ ವಿಷಯ ಇನ್ನೂ ಮಜವಾಗಿದೆ. ನಿಜವಾದ ಜೂಮ್‌ನಲ್ಲಿ ಲೆನ್ಸಿನ ಗಾಜುಗಳು ಹಿಂದೆ ಮುಂದೆ ಸರಿಯುತ್ತವೆ. ಡಿಜಿಟಲ್ ಜೂಮ್‌ನಲ್ಲಿ ಏನೂ ಸರಿಯುವುದಿಲ್ಲ, ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. 16ಎಕ್ಸ್ ಅಂದರೆ ಅಗಲದಲ್ಲಿ ಹದಿನಾರನೇ ಒಂದು ಪಾಲು, ಎತ್ತರದಲ್ಲೂ ಹದಿನಾರನೇ ಒಂದು ಪಾಲು. ಒಟ್ಟು ಚಿತ್ರದ 256ನೇ ಒಂದು ಭಾಗ. ಸೆನ್ಸರ್ ನಿಜವಾಗಿ 8 ಮೆಗಾಪಿಕ್ಸೆಲ್ ಆಗಿದ್ದರೆ ತೇರಿನ ಕಳಸಕ್ಕೆ ಪೂರ್ತಿ ಜೂಮ್ ಹಾಕಿದಾಗ ಉಳಿಯುವುದು ಸುಮಾರು 31 ಸಾವಿರ ಚುಕ್ಕೆ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ 10 ಸಾವಿರ ಚುಕ್ಕೆಗಳಿದ್ದವು, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡ್ ಹಿಡಿಯುತ್ತಿತ್ತು. ನೀವು ಕೊಡುವ 2,999ಕ್ಕೆ ಜೂಮ್ ಗುಂಡಿ ಒತ್ತಿದರೆ ಹೆಚ್ಚುಕಡಿಮೆ ಆ ಕಾಲಕ್ಕೇ ಹೋಗಿ ಬರಬಹುದು.

ಇದನ್ನು ಪತ್ತೆ ಮಾಡುವುದು ಸುಲಭ. ಲೆನ್ಸಿನ ಸುತ್ತಲಿನ ಬಳೆಯ ಮೇಲೆ ಬರೆದದ್ದನ್ನು ಓದಿ. ‘5.0–25.0 ಮಿ.ಮೀ.’ ಅಂತ ಎರಡು ಅಂಕಿ ಇದ್ದರೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ: ಐದು ಪಟ್ಟು ನಿಜವಾದ ಜೂಮ್. ಒಂದೇ ಮಿ.ಮೀ. ಅಂಕಿ ಇದ್ದರೆ ನಿಜವಾದ ಜೂಮ್ ಇಲ್ಲ, ಡಬ್ಬಿ ಏನೇ ಕೂಗಿಕೊಳ್ಳಲಿ. ಆನ್‌ಲೈನ್ ಫೋಟೊವನ್ನೇ ದೊಡ್ಡದು ಮಾಡಿ ನೋಡಿದರೂ ಬಳೆಯ ಮೇಲಿನ ಅಂಕಿ ಎಷ್ಟೋ ಸಲ ಕಾಣಿಸುತ್ತದೆ.

ಕೈಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ, ನಮ್ಮ ಲಿಪಿಗೆ ಹೇಳಿ ಮಾಡಿಸಿದ್ದು. ದಿನಪತ್ರಿಕೆಯ ಒಂದು ಪುಟವನ್ನು ನೆರಳಿನ ಗೋಡೆಗೆ ಅಂಟಿಸಿ, ಪುಟ ಪರದೆಯ ತುಂಬ ಕಾಣುವಷ್ಟು ಹತ್ತಿರ ನಿಂತು ಕೈ ಅಲುಗದಂತೆ ಫೋಟೊ ತೆಗೆಯಿರಿ. ಅದನ್ನು ಹಿಗ್ಗಿಸಿ, ಸುದ್ದಿಯ ಸಣ್ಣ ಅಕ್ಷರಗಳಲ್ಲಿ ಒತ್ತುಗಳನ್ನು ನೋಡಿ. ‘ರಾಷ್ಟ್ರ’, ‘ಸ್ತ್ರೀ’ ಇಂಥವು. ಮೇಲಿನ ಅಕ್ಷರವನ್ನು ನಮ್ಮ ಕಣ್ಣು ಊಹಿಸಿಬಿಡುತ್ತದೆ, ಕೆಳಗಿನ ಒತ್ತನ್ನು ಊಹಿಸಲಾಗದು. ಅದು ಬರೀ ಕಪ್ಪು ಚುಕ್ಕೆಯಾಗಿದ್ದರೆ ಲೆನ್ಸೋ ಸೆನ್ಸರೋ ಸುಳ್ಳು ಹೇಳುತ್ತಿದೆ. ಪುಟದ ನಾಲ್ಕು ಮೂಲೆಗಳನ್ನೂ ನೋಡಿ. ಅಗ್ಗದ ಪ್ಲಾಸ್ಟಿಕ್ ಲೆನ್ಸಿನಲ್ಲಿ ನಡುವೆ ಚೆನ್ನಾಗಿದ್ದು ಮೂಲೆಗಳು ಕರಗಿಹೋಗಿರುತ್ತವೆ. ಅದೇ ಜಾಗದಲ್ಲಿ ನಿಂತು ನಿಮ್ಮ ಫೋನಿನಿಂದಲೂ ಒಂದು ತೆಗೆದು ಪಕ್ಕದಲ್ಲಿಡಿ. ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಮಾಡಿ, ನನ್ನ ಹಾಗೆ ಭಾನುವಾರಕ್ಕೆ ಕಾಯಬೇಡಿ.

ಫೋನಿನ ಜೊತೆ ಹೋಲಿಸುವುದೇ ಇಲ್ಲಿ ನಿಜವಾದ ತಕ್ಕಡಿ. ಈಚಿನ ವರ್ಷಗಳ ಎಷ್ಟೋ ಫೋನುಗಳು ಕತ್ತಲಲ್ಲಿ ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಕೂಡಿಸಿ, ಒಂದು ಮಾಡಿ ಕೊಡುತ್ತವೆ. ಈ ಅಗ್ಗದ ಕ್ಯಾಮೆರಾಕ್ಕೆ ಆ ಬುದ್ಧಿ ಇಲ್ಲ. ಅದರ ‘ಫ್ಲ್ಯಾಷ್’ ಕೂಡ ಹೆಚ್ಚಿನ ಸಲ ಸಣ್ಣ ಎಲ್‌ಇಡಿ ದೀಪ, ಟಾರ್ಚ್ ಹಿಡಿದ ಹಾಗೆ. ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವುದು ಸಂಜೆ. ಇಳಿಬೆಳಕು, ಲಕ್ಷಗಟ್ಟಲೆ ಜನ, ದೂರದ ತೇರು: ಈ ಕ್ಯಾಮೆರಾದ ಮೂರು ದೌರ್ಬಲ್ಯಗಳೂ ಒಂದೇ ಹೊತ್ತಿಗೆ ಬಯಲಾಗುವ ಜಾಗ ಅದು.

ಹಾಗಾದರೆ ಮೂರು ಸಾವಿರಕ್ಕೆ ಏನೂ ಬರುವುದಿಲ್ಲವೇ? ಬರುತ್ತದೆ, ಕೆಲವೊಮ್ಮೆ ಪುಕ್ಕಟೆಯಾಗಿಯೇ. ಸುಮಾರು 2008ರಿಂದ 2012ರ ನಡುವೆ ಮದುವೆ, ಸೀಮಂತ, ಗೃಹಪ್ರವೇಶಕ್ಕೆಂದು ಎಷ್ಟೋ ಮನೆಯವರು ಕ್ಯಾನನ್, ನಿಕಾನ್, ಸೋನಿಯ ಜೇಬಿನ ಕ್ಯಾಮೆರಾ ಕೊಂಡಿದ್ದರು. ಅವು ಈಗ ತಿಜೋರಿಯಲ್ಲಿ ಸೀರೆಗಳ ಕೆಳಗೆ ಮಲಗಿವೆ. ಮೊದಲು ಬೀಗರನ್ನು, ಕಾಕಾ-ಚಿಗವ್ವಂದಿರನ್ನು ಕೇಳಿ. ಅವುಗಳ ಹತ್ತು ಹನ್ನೆರಡು ಮೆಗಾಪಿಕ್ಸೆಲ್ ನಿಜವಾದದ್ದು, ಜೂಮ್ ಗಾಜಿನದ್ದು, ಫ್ಲ್ಯಾಷ್ ಛಟ್ಟನೆ ಮಿಂಚಿ ಆರುವ ಕ್ಸೆನಾನ್ ಫ್ಲ್ಯಾಷ್. ಈಗಿನ ಹುಡುಗ ಹುಡುಗಿಯರಿಗೆ ಹಳೆ ಡಿಜಿಕ್ಯಾಮ್ ಹುಚ್ಚು ಹತ್ತಿ ಸೆಕೆಂಡ್ ಹ್ಯಾಂಡ್ ದರ ಏರಿರುವುದೂ ಆ ಫ್ಲ್ಯಾಷಿನ ಮೋಹಕ್ಕೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕೈಗೆ ತೆಗೆದುಕೊಂಡು ಆನ್ ಮಾಡದೆ ದುಡ್ಡು ಕೊಡಬೇಡಿ. ಲೆನ್ಸ್ ಹೊರಗೆ ಬರುವಾಗ ಕರಕರ ಅಂದರೆ ಒಳಗೆ ಮರಳು ಹೊಕ್ಕಿರಬಹುದು. ಬಿಳಿ ಗೋಡೆಯ ಫೋಟೊ ತೆಗೆಯಿರಿ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಮಸಿ ಚುಕ್ಕೆ ಕಂಡರೆ ಧೂಳು ಸೆನ್ಸರ್ ತನಕ ಹೋಗಿದೆ. ಸಂಡೂರಿನ ಕಡೆ ಅದಿರು ಲಾರಿಗಳ ದಾರಿಯಲ್ಲಿ ಓಡಾಡಿದ ಕ್ಯಾಮೆರಾ ಆಗಿದ್ದರೆ ಇದನ್ನು ಎರಡೆರಡು ಸಲ ನೋಡಿ. ಕಾರ್ಡಿನ ಜಾತಿ ಕೇಳಿ: ಎಸ್‌ಡಿ ಆದರೆ ಸರಿ, ಹಳೆಯ ಎಕ್ಸ್‌ಡಿ, ಮೆಮೊರಿ ಸ್ಟಿಕ್ ಆದರೆ ಕಾರ್ಡು ಹುಡುಕುವುದೇ ಒಂದು ಕೆಲಸವಾಗುತ್ತದೆ. 2006ಕ್ಕಿಂತ ಹಿಂದಿನವು 2 ಜಿಬಿ ಮೇಲಿನ ಕಾರ್ಡನ್ನು ಸಾಮಾನ್ಯವಾಗಿ ಓದುವುದಿಲ್ಲ. ಬ್ಯಾಟರಿ ಉಬ್ಬಿದೆಯೇ ನೋಡಿ, ಅದೇ ನಂಬರಿನದು ಹೊಸದು ಸಿಗುತ್ತದೆಯೇ ವಿಚಾರಿಸಿ. ತಾರೀಕು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ ಅಷ್ಟೇ.

ಆಟಿಕೆ ಅಂತಲೇ ಕೊಳ್ಳುವುದಾದರೆ ಬೇರೆ ಮಾತು. 2025ರಲ್ಲಿ ಕೊಡಕ್ ಹೆಸರಿನಲ್ಲಿ ಬಂದ ಚಾರ್ಮೆರಾ ಅನ್ನುವ ಕೀಲಿಗೊಂಚಲಿನ ಕ್ಯಾಮೆರಾ 30 ಗ್ರಾಂ ತೂಗುತ್ತದೆ, ತಾನು 1.6 ಮೆಗಾಪಿಕ್ಸೆಲ್ ಅಂತ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಅದರ ಸೆನ್ಸರ್ ಜೋಳದ ಕಾಳಿಗಿಂತ ಚಿಕ್ಕದು. ಅದರ ಮೇಲೆ ನನಗೆ ಸಿಟ್ಟಿಲ್ಲ. ನಾನು ತರಿಸಿದ ‘48’ ಕೂಡ ಈಗ ಅಕ್ಕನ ಕಿರಿಯ ಮಗನ ಪಾಲಾಗಿದೆ. ಆರು ವರ್ಷದವನು, ದಿನಕ್ಕೆ ನೂರು ಫೋಟೊ ತೆಗೆಯುತ್ತಾನೆ, ಹೆಚ್ಚಿನವು ಕೋಳಿಯ ಕಾಲು.

ಮಗಳಿಗೆ ಹಳೆಯದೊಂದು ಸಿಕ್ಕಿತು ಅಂದುಕೊಳ್ಳಿ. ಕ್ಯಾಮೆರಾಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 0ರಿಂದ 40 ಡಿಗ್ರಿವರೆಗೆ ಬಳಸಿ ಅಂತ ಇರುತ್ತದೆ. ನಮ್ಮ ರಾಯಚೂರು, ಬಳ್ಳಾರಿಯ ಏಪ್ರಿಲ್ ಎಷ್ಟೋ ದಿನ ಆ ಗೆರೆ ದಾಟಿರುತ್ತದೆ, ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯ ಒಳಗಂತೂ ಕೇಳಲೇಬೇಡಿ. ಜಾತ್ರೆಯ ಹೊತ್ತಿಗೆ ಜನವರಿ, ಬಿಸಿಲಿನ ಭಯವಿಲ್ಲ. ಅಲ್ಲಿ ಕಾಟ ಕೊಡುವುದು ಧೂಳು. ತೇರಿನ ಮುಂದೆ ಉತ್ತತ್ತಿ ಹಾರುತ್ತಿರುವಾಗ ಹೊರಗೆ ಚಾಚಿದ ಲೆನ್ಸಿಗೆ ಮರಳಿನ ಒಂದು ಹರಳು ಸಿಕ್ಕಿಕೊಂಡರೂ ಲೆನ್ಸು ಮತ್ತೆ ಒಳಗೆ ಹೋಗದೇ ಇರಬಹುದು. ತೆಗೆಯುವ ಗಳಿಗೆಯಲ್ಲಿ ಮಾತ್ರ ಆನ್ ಮಾಡಲಿ, ಉಳಿದ ಹೊತ್ತು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ.